ಸುಕ್ಕು ಬಟಾಣಿ ಮೋಸದ ಮಾಲಲ್ಲ

ಹೋದ ವರ್ಷ ದಸರಾ ಮುಗಿದ ಮೇಲೆ ಬಾಲ್ಕನಿಯಲ್ಲಿ ಬಟಾಣಿ ಬೆಳೆಯೋಣ ಅಂತ ಒಂದು ಪ್ಯಾಕೆಟ್ ಬೀಜ ತಂದೆ. ವರ್ಕ್ ಫ್ರಂ ಹೋಮ್ ಕಾಲದಲ್ಲಿ ಹತ್ತಿದ ಹುಚ್ಚು. ಮೆಂತ್ಯ, ಟೊಮೆಟೊ ಎಲ್ಲ ಆಗಿ ಬಟಾಣಿಗೆ ಬಂದು ನಿಂತಿತ್ತು. ಹಾವೇರಿಯಿಂದ ಅವ್ವ ಬಂದಿದ್ದಳು. ಪ್ಯಾಕೆಟ್ ಹರಿದು ಬೀಜವನ್ನು ಅಂಗೈಗೆ ಸುರುವಿಕೊಂಡವಳೇ ಮುಖ ಸಿಂಡರಿಸಿದಳು.

“ಎಷ್ಟ ಕೊಟ್ಟಿ ಇದಕ್ಕ?”

ಹೇಳಿದೆ.

“ಮೋಸ ಮಾಡ್ಯಾರ ನಿನಗ. ನೋಡಿಲ್ಲೆ, ಎಲ್ಲಾ ಸುಕ್ಕ ಬಿದ್ದಾವು. ಎಳೇವು ಇದ್ದಾಗನ ಕಿತ್ತು ಒಣಗಿಸ್ಯಾರ. ಹೊಳ್ಳಿ ಕೊಟ್ಟ ಬಾ.”

ಅವ್ವನ ಮಾತು ತಳ್ಳಿಹಾಕುವ ಹಾಗಿಲ್ಲ. ನಲವತ್ತು ವರ್ಷ ಗೋವಿನಜೋಳ, ಶೇಂಗಾ ಬಿತ್ತಿದ ಕೈ ಅದು. ಜೊಳ್ಳು ಯಾವುದು ಗಟ್ಟಿ ಯಾವುದು ಅಂತ ನನಗಿಂತ ಅವಳಿಗೆ ಚೆನ್ನಾಗಿ ಗೊತ್ತು. ಪ್ಯಾಕೆಟ್ ಹಿಡಿದುಕೊಂಡು ಅಂಗಡಿಗೆ ವಾಪಸ್ ಹೋದೆ. ಅಂಗಡಿಯವರು ಬೀಜ ನೋಡಲೂ ಇಲ್ಲ. “ಸಾರ್, ಸಿಹಿ ಬಟಾಣಿ ಬೀಜ ಇರೋದೇ ಹಿಂಗೆ. ಗುಂಡಗಿರೋದು ಬೇಕಾದ್ರೆ ದಿನಸಿ ಅಂಗಡಿಗೆ ಹೋಗಿ. ಮಸಾಲೆಪುರಿಗೆ ಹಾಕ್ತಾರಲ್ಲ, ಅದು.”

ಸ್ಕೂಟರ್ ಸ್ಟಾರ್ಟ್ ಮಾಡುವಾಗ ತಲೆಯೊಳಗೆ ಏನೋ ಟಕ್ ಅಂತು. ಗುಂಡು ಬಟಾಣಿ, ಸುಕ್ಕು ಬಟಾಣಿ. ಇದನ್ನೇ ಅಲ್ವಾ ನಾನು ಪಿಯುಸಿಯಲ್ಲಿ ಐದು ಅಂಕಕ್ಕೆ ಬರೆದದ್ದು? ದೊಡ್ಡಕ್ಷರದ ಆರ್ ಪ್ರಬಲ, ಸಣ್ಣಕ್ಷರದ ಆರ್ ದುರ್ಬಲ, ನಾಲ್ಕು ಮನೆಯ ಚೌಕ, ಮೂರಕ್ಕೆ ಒಂದು. ಚೌಕ ಎಷ್ಟು ಸಲ ಬರೆದಿದ್ದೀನೋ ಲೆಕ್ಕವಿಲ್ಲ. ಆದರೆ ಆ ಆರ್ ಅನ್ನೋದು ಕಾಳಿನ ಒಳಗೆ ಮಾಡೋ ಕೆಲಸ ಏನು ಅಂತ ನಾನು ಕೇಳಿಲ್ಲ, ಯಾರೂ ಹೇಳಿಲ್ಲ. ಆ ಅಕ್ಷರದ ಹಿಂದೆ ಹೊರಟರೆ ಸಿಕ್ಕಿದ್ದು ಬರ್ನೋದ ಮಠದಿಂದ ಬ್ಯೂನಸ್ ಐರಿಸ್‌ನ ಒಂದು ಸೋರುವ ಮನೆಯವರೆಗೆ ಹೋಗಿ, ಇಂಗ್ಲೆಂಡಿನ ನಾರ್ವಿಚ್‌ನಲ್ಲಿ ಮುಗಿಯುವ 124 ವರ್ಷದ ಕಥೆ.

ಬರ್ನೋ ಈಗ ಚೆಕ್ ದೇಶದಲ್ಲಿದೆ, ಆಗ ಆಸ್ಟ್ರಿಯಾ ಸಾಮ್ರಾಜ್ಯದಲ್ಲಿತ್ತು. ಅಲ್ಲಿನ ಸಂತ ಥಾಮಸರ ಮಠದ ಹಿತ್ತಲಲ್ಲಿ ಗ್ರೆಗೊರ್ ಮೆಂಡಲ್ 1856ರಿಂದ 1863ರವರೆಗೆ ಬಟಾಣಿ ಬೆಳೆದ. ಏಳು ಲಕ್ಷಣಗಳನ್ನು ಆರಿಸಿಕೊಂಡಿದ್ದರೂ ಅವನ ವರದಿಯಲ್ಲಿ ಮೊದಲು ಬರುವುದು ಕಾಳಿನ ಆಕಾರವೇ. ಕಾರಣ ಸರಳ. ಗಿಡದ ಎತ್ತರ ನೋಡಬೇಕಾದರೆ ಬೀಜ ಬಿತ್ತಿ ಮುಂದಿನ ವರ್ಷದ ತನಕ ಕಾಯಬೇಕು. ಕಾಳಿನ ಆಕಾರವಾದರೆ ಸಿಪ್ಪೆ ಬಿಡಿಸಿದ ಕ್ಷಣವೇ ಮುಂದಿನ ತಲೆಮಾರು ಕೈಯಲ್ಲಿರುತ್ತದೆ. ಗುಂಡು ಮತ್ತು ಸುಕ್ಕು ತಳಿಗಳನ್ನು ಕೂಡಿಸಿದಾಗ ಬಂದದ್ದೆಲ್ಲ ಗುಂಡು. ಅವನ್ನು ಬಿತ್ತಿ ಬೆಳೆದ 253 ಗಿಡಗಳಿಂದ 7,324 ಕಾಳು ಸಿಕ್ಕವು. ಎಣಿಸಿದ: 5,474 ಗುಂಡು, 1,850 ಸುಕ್ಕು. ನಮ್ಮ ಐದು ಅಂಕದ ಉತ್ತರ ಹುಟ್ಟಿದ್ದು ಇಲ್ಲಿ.

1865ರಲ್ಲಿ ಎರಡು ಸಂಜೆ ಓದಿದ, 1866ರಲ್ಲಿ ಅಚ್ಚಾಯಿತು. 40 ಪ್ರತಿ ತರಿಸಿಕೊಂಡು ದೊಡ್ಡವರಿಗೆಲ್ಲ ಕಳಿಸಿದ. ಹೆಚ್ಚೇನೂ ಆಗಲಿಲ್ಲ. 1884ರಲ್ಲಿ ಸತ್ತ. 1900ರಲ್ಲಿ ಮೂವರು ಬೇರೆ ಬೇರೆ ಕಡೆ ಇದೇ ನಿಯಮಕ್ಕೆ ಬಂದು ಮುಟ್ಟಿದಾಗ ಲೋಕ ಅವನನ್ನು ನೆನೆಸಿಕೊಂಡಿತು. ಇದೆಲ್ಲ ನಿಮಗೆ ಗೊತ್ತಿರುವುದೇ.

ಗೊತ್ತಿಲ್ಲದ್ದು ಇದರ ನಂತರದ್ದು. 1903ರಲ್ಲಿ ಕೇಂಬ್ರಿಜ್‌ನ ಆರ್. ಪಿ. ಗ್ರೆಗೊರಿ ಎಂಬಾತ ಎರಡೂ ಬಗೆಯ ಬಟಾಣಿಯನ್ನು ಸೀಳಿ ಸೂಕ್ಷ್ಮದರ್ಶಕದ ಕೆಳಗಿಟ್ಟ. ಗುಂಡು ಕಾಳಿನಲ್ಲಿ ಪಿಷ್ಟದ ಕಣಗಳು ದೊಡ್ಡವು, ಇಡಿಯಾದವು. ಸುಕ್ಕು ಕಾಳಿನಲ್ಲಿ ಅವು ಚೂರು ಚೂರು ಜೋಡಿಸಿದ ಹಾಗೆ. ಅಂದರೆ ಸುಕ್ಕು ಸಿಪ್ಪೆಯ ಕಥೆಯಲ್ಲ, ಒಳಗಿನ ಪಿಷ್ಟದ ಕಥೆ. 1908ರಲ್ಲಿ ಡಾರ್ಬಿಶೈರ್ ಅನ್ನುವವನು ಇನ್ನೂ ಮಜವಾದದ್ದನ್ನು ಕಂಡ. ಗುಂಡು-ಸುಕ್ಕು ಕೂಡಿಸಿ ಹುಟ್ಟಿದ ಮಿಶ್ರ ಕಾಳು ಹೊರಗಿನಿಂದ ಪಕ್ಕಾ ಗುಂಡು; ಒಳಗಿನ ಪಿಷ್ಟದ ಕಣ ಮಾತ್ರ ಅಪ್ಪನ ಹಾಗೂ ಅಲ್ಲ, ಅವ್ವನ ಹಾಗೂ ಅಲ್ಲ, ನಡುವೆ. ‘ಪ್ರಬಲ’ ಅನ್ನೋ ಪದ ಸಿಪ್ಪೆ ನೋಡಿ ಕೊಟ್ಟ ಸರ್ಟಿಫಿಕೇಟ್ ಅಂತ ಆಗಲೇ ಗೊತ್ತಾಗಿತ್ತು! ಸೂಕ್ಷ್ಮದರ್ಶಕ ಅಲ್ಲಿಗೆ ನಿಂತಿತು. ಮುಂದೆ ಹೋಗಬೇಕಾದರೆ ಕಾಳು ಪಿಷ್ಟವನ್ನು ಹೇಗೆ ಕಟ್ಟುತ್ತದೆ ಅಂತ ತಿಳಿಯಬೇಕಿತ್ತು. ಅದು ಯಾರಿಗೂ ಗೊತ್ತಿರಲಿಲ್ಲ. ಇನ್ನೂ ಬೇಜಾರಿನ ಸಂಗತಿ, ಗೊತ್ತಿದೆ ಅಂತ ಅಂದುಕೊಂಡಾಗ ಗೊತ್ತಿದ್ದದ್ದು ತಪ್ಪಾಗಿತ್ತು.

ಪಿಷ್ಟ ಅಂದರೆ ಗ್ಲೂಕೋಸ್‌ನ ಸರ. ಎಲೆ ಬಿಸಿಲಲ್ಲಿ ಮಾಡಿದ ಸಕ್ಕರೆ ಕಾಳಿಗೆ ಹರಿದು ಬರುತ್ತದೆ. ಕಾಳು ಅದನ್ನು ಒಡೆದು ಗ್ಲೂಕೋಸ್ ಮಾಡಿಕೊಂಡು ಒಂದಕ್ಕೊಂದು ಪೋಣಿಸಿ ಕೂಡಿಡುತ್ತದೆ. ಪೋಣಿಸುವುದರಲ್ಲಿ ಎರಡು ಬಗೆ. ಒಂದು, ನೇರ ಎಳೆ, ಸಾವಿರ ಅಥವಾ ಅದಕ್ಕೂ ಹೆಚ್ಚು ಗ್ಲೂಕೋಸ್ ಸಾಲಾಗಿ. ಇದಕ್ಕೆ ಅಮೈಲೋಸ್ ಅಂತ ಹೆಸರು. ಇನ್ನೊಂದು, ಸರಾಸರಿ ಇಪ್ಪತ್ತು-ಇಪ್ಪತ್ತೈದು ಗ್ಲೂಕೋಸ್‌ಗೊಂದರಂತೆ ಕವಲೊಡೆದ ಮರದಂಥದ್ದು; ಅಮೈಲೋಪೆಕ್ಟಿನ್. ಅನ್ನ, ರೊಟ್ಟಿ, ಆಲೂಗಡ್ಡೆ ಎಲ್ಲದರಲ್ಲೂ ಇವೆರಡರ ಬೆರಕೆಯೇ.

ಇದನ್ನು ಪೋಣಿಸುವ ಕೈ ಯಾವುದು? 1930ರ ದಶಕದಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಕಾರ್ಲ್ ಮತ್ತು ಗರ್ಟಿ ಕೋರಿ ದಂಪತಿ ಫಾಸ್ಫೊರಿಲೇಸ್ ಅನ್ನುವ ಕಿಣ್ವದ ಮೇಲೆ ಕೆಲಸ ಮಾಡುತ್ತಿದ್ದರು. ಮಾಂಸಖಂಡದಲ್ಲಿ ಗ್ಲೈಕೋಜೆನ್ ಅಂತ ಇರುತ್ತದೆ, ಪಿಷ್ಟದ್ದೇ ಪ್ರಾಣಿಗಳ ಆವೃತ್ತಿ. ಈ ಕಿಣ್ವ ಅದರ ತುದಿಯಿಂದ ಒಂದೊಂದೇ ಗ್ಲೂಕೋಸ್‌ಗೆ ಫಾಸ್ಫೇಟ್ ಅಂಟಿಸಿ ಬಿಡಿಸುತ್ತಿತ್ತು. ಮಜಾ ಏನೆಂದರೆ ಪ್ರನಾಳದಲ್ಲಿ ಅದು ಉಲ್ಟಾ ಕೂಡ ಓಡುತ್ತಿತ್ತು: ಫಾಸ್ಫೇಟ್ ಅಂಟಿದ ಗ್ಲೂಕೋಸ್ ಕೊಟ್ಟರೆ ಸರ ಪೋಣಿಸುತ್ತಿತ್ತು. 1940ರಲ್ಲಿ ಕೇಂಬ್ರಿಜ್‌ನಲ್ಲಿ ಚಾರ್ಲ್ಸ್ ಹೇನ್ಸ್ ಇದನ್ನೇ ಗಿಡದ ಕಿಣ್ವದಿಂದ ಮಾಡಿ ತೋರಿಸಿದ. ಕಿಣ್ವ ತೆಗೆದದ್ದು ಎಲ್ಲಿಂದ ಅಂತೀರಿ? ಬಟಾಣಿ ಕಾಳಿನಿಂದ, ಆಮೇಲೆ ಆಲೂಗಡ್ಡೆಯಿಂದ. ಪ್ರನಾಳದಲ್ಲಿ ಪಿಷ್ಟ ತಯಾರಾಯಿತು, ಅಯೋಡಿನ್ ಹಾಕಿದರೆ ನೀಲಿ ಬಂತು. ನಾಲ್ಕು ವರ್ಷದ ಮೇಲೆ ಹಾವರ್ತ್ ಮತ್ತು ಸಂಗಡಿಗರು ಆಲೂಗಡ್ಡೆಯಲ್ಲಿ ಕವಲೊಡೆಸುವ ಕಿಣ್ವವನ್ನೂ ಕಂಡರು. ನೇರ ಎಳೆಯನ್ನು ಒಂದು ಕಡೆ ಕತ್ತರಿಸಿ, ಆ ತುಂಡನ್ನು ಪಕ್ಕಕ್ಕೆ ಕೊಂಬೆಯಾಗಿ ಅಂಟಿಸುತ್ತದೆ ಅದು. ತೋಟದಲ್ಲಿ ಕಸಿ ಕಟ್ಟಿದ ಹಾಗೆ. ಸರಿ, ಒಗಟು ಬಿಡಿಸಿಯಾಯಿತು ಅಂತ ಎಲ್ಲರೂ ಪುಸ್ತಕದಲ್ಲಿ ಬರೆದುಕೊಂಡರು. ಸರ ಒಡೆಯುವವನೂ ಅವನೇ, ಕಟ್ಟುವವನೂ ಅವನೇ. 1947ರಲ್ಲಿ ಕೋರಿ ದಂಪತಿಗೆ ನೊಬೆಲ್ ಬಂತು, ಗ್ಲೈಕೋಜೆನ್ ಹೇಗೆ ಬದಲಾಗುತ್ತದೆ ಅಂತ ಕಂಡುಹಿಡಿದದ್ದಕ್ಕೆ.

ನಮ್ಮ ಆಫೀಸಿನಲ್ಲೂ ಇಂಥದ್ದು ಆಗಿದೆ. ಟೆಸ್ಟ್ ಮಷಿನ್‌ನಲ್ಲಿ ಕೋಡ್ ಓಡಿತು, ಅಂದಮೇಲೆ ಕಸ್ಟಮರ್ ಹತ್ತಿರವೂ ಓಡುತ್ತೆ ಅಂತ ಬಿಡುಗಡೆ ಮಾಡಿ ಶುಕ್ರವಾರ ರಾತ್ರಿ ಹಾಳು ಮಾಡಿಕೊಂಡವರಲ್ಲಿ ನಾನೂ ಒಬ್ಬ. ಪ್ರನಾಳದಲ್ಲಿ ಓಡಿದ್ದು ಜೀವಕೋಶದಲ್ಲೂ ಓಡಬೇಕು ಅಂತೇನಿಲ್ಲ. ಫಾಸ್ಫೊರಿಲೇಸ್ ಎತ್ತ ಓಡಬೇಕು ಅನ್ನುವುದು ಸುತ್ತ ಎಷ್ಟು ಫಾಸ್ಫೇಟ್ ಇದೆ ಅನ್ನುವುದರ ಮೇಲೆ ನಿಂತಿದೆ. ಜೀವಂತ ಕೋಶದಲ್ಲಿ ಫಾಸ್ಫೇಟ್ ಧಾರಾಳ. ಹಾಗಾಗಿ ಅದು ಅಲ್ಲಿ ಒಡೆಯುವ ಕಡೆಗೇ ಓಡುತ್ತದೆ. ಅಡ್ರಿನಾಲಿನ್ ಕೊಟ್ಟರೆ ಈ ಕಿಣ್ವ ಚುರುಕಾಗುತ್ತಿತ್ತು, ಚುರುಕಾದಾಗೆಲ್ಲ ಗ್ಲೈಕೋಜೆನ್ ಕಮ್ಮಿಯಾಗುತ್ತಿತ್ತೇ ಹೊರತು ಒಮ್ಮೆಯೂ ಹೆಚ್ಚಾಗುತ್ತಿರಲಿಲ್ಲ. ಕೊನೆಗೆ ಮನುಷ್ಯರೇ ಸಾಕ್ಷಿ ಹೇಳಿದರು. ಮೆಕ್‌ಆರ್ಡಲ್ ಕಾಯಿಲೆ ಅಂತ ಒಂದಿದೆ, ಸ್ವಲ್ಪ ಓಡಿದರೂ ಸ್ನಾಯು ಸೆಡೆತು ನೋಯುತ್ತದೆ. 1959ರಲ್ಲಿ ನೋಡಿದರೆ ಈ ರೋಗಿಗಳ ಸ್ನಾಯುವಿನಲ್ಲಿ ಫಾಸ್ಫೊರಿಲೇಸ್ ಇಲ್ಲವೇ ಇಲ್ಲ, ಗ್ಲೈಕೋಜೆನ್ ಮಾತ್ರ ಗಂಟುಗಟ್ಟಲೆ ತುಂಬಿಕೊಂಡಿದೆ. ಕಟ್ಟುವವನೇ ಇಲ್ಲದ ಮನೆಯಲ್ಲಿ ಗೋಡೆ ಎದ್ದದ್ದು ಹೇಗೆ?

ಅಷ್ಟರಲ್ಲಿ ಉತ್ತರ ದಕ್ಷಿಣ ಅಮೆರಿಕದಿಂದ ಬಂದಾಗಿತ್ತು.

ಲೂಯಿಸ್ ಲೆಲ್ವಾರ್ ಹುಟ್ಟಿದ್ದು 1906ರಲ್ಲಿ ಪ್ಯಾರಿಸ್‌ನಲ್ಲಿ, ಬೆಳೆದದ್ದು ಅರ್ಜೆಂಟೀನಾದಲ್ಲಿ. ಜಮೀನ್ದಾರರ ಮಗ. ಸಮುದ್ರತೀರದ ಒಂದು ಕ್ಲಬ್ಬಿನಲ್ಲಿ ಸಿಗಡಿಗೆ ನೆಂಚಿಕೊಳ್ಳಲು ಮಯೊನೇಸ್, ಕೆಚಪ್ ಬೆರೆಸಿ ‘ಸಾಲ್ಸಾ ಗಾಲ್ಫ್’ ಅನ್ನುವ ಸಾಸ್ ಮಾಡಿದವನು ಇವನೇ ಅಂತ ಅರ್ಜೆಂಟೀನಾದವರು ಈಗಲೂ ಹೇಳುತ್ತಾರೆ. (ಆ ಬಣ್ಣದ ಸಾಸ್ ನಿಮ್ಮ ಬರ್ಗರ್‌ನಲ್ಲೂ ಬಂದಿರುತ್ತದೆ.) ಓದಿದ್ದು ಡಾಕ್ಟರಿಕೆ, ಸೇರಿಕೊಂಡದ್ದು ಬರ್ನಾರ್ಡೊ ಹುಸೇ ಎಂಬ ದೊಡ್ಡ ವಿಜ್ಞಾನಿಯ ಪ್ರಯೋಗಾಲಯವನ್ನು. 1943ರಲ್ಲಿ ಪ್ರಜಾಪ್ರಭುತ್ವ ಬೇಕು ಅನ್ನುವ ಮನವಿಗೆ ಸಹಿ ಹಾಕಿದ ತಪ್ಪಿಗೆ ಸೇನಾ ಸರ್ಕಾರ ಹುಸೇಯನ್ನು ವಿಶ್ವವಿದ್ಯಾಲಯದಿಂದ ಹೊರಗೆ ಹಾಕಿತು. ಗುರುವಿಲ್ಲದ ಕಡೆ ತಾನೂ ಇರಲ್ಲ ಅಂತ ಲೆಲ್ವಾರ್ ಅಮೆರಿಕಕ್ಕೆ ಹೋದ. ಅಲ್ಲಿ ಕೆಲವು ತಿಂಗಳು ಕೆಲಸ ಮಾಡಿದ್ದು ಕೋರಿ ದಂಪತಿಯ ಪ್ರಯೋಗಾಲಯದಲ್ಲೇ! ಮುಂದೆ ಯಾರ ಪಾಠವನ್ನು ತಿದ್ದಬೇಕಿತ್ತೋ ಅವರ ಮನೆಯಲ್ಲೇ.

ವಾಪಸ್ ಬಂದ. 1947ರಲ್ಲಿ ಹೈಮೆ ಕಾಂಪೊಮಾರ್ ಅನ್ನುವ ಬಟ್ಟೆ ಗಿರಣಿ ಮಾಲೀಕ ಹಣ ಕೊಟ್ಟ. ಬ್ಯೂನಸ್ ಐರಿಸ್‌ನ ಒಂದು ಪುಟ್ಟ ಮನೆಯಲ್ಲಿ ಸಂಸ್ಥೆ ಶುರುವಾಯಿತು. ಮಳೆ ಬಂದರೆ ಸೂರು ಸೋರುತ್ತಿತ್ತು. ಲೈಬ್ರರಿಯ ಪುಸ್ತಕ ನೆನೆಯದಿರಲಿ ಅಂತ ಲೆಲ್ವಾರ್ ತಾನೇ ರಟ್ಟಿನಲ್ಲಿ ದೋಣಿ ಮಾಡಿ ನೀರು ಆಚೆ ಹೋಗುವ ಹಾಗೆ ಕಟ್ಟಿದ್ದ. ಅವನ ಪ್ರಸಿದ್ಧ ಫೋಟೊ ಒಂದಿದೆ: ಬೂದು ಕೋಟು, ಮುಂದೆ ಗಾಜಿನ ಕೊಳವೆಗಳು, ಕೂತಿರುವ ಹುಲ್ಲುಕುರ್ಚಿಯ ಕಾಲಿಗೆ ಹಗ್ಗ ಬಿಗಿದಿದೆ. ಅಪ್ಪನ ಆಸ್ತಿ ಇದ್ದ ಮನುಷ್ಯ, ಬೇರೆ ಕುರ್ಚಿ ತರಬಹುದಿತ್ತಲ್ಲ ಅನ್ನಿಸುತ್ತೆ. ಕೂತರೆ ಬೀಳದಿದ್ದರೆ ಸಾಕು ಅಂತಿದ್ದಿರಬೇಕು.

ಈ ಮನೆಯಲ್ಲಿ ಅವರು ಶುರು ಮಾಡಿದ್ದು ಪಿಷ್ಟವನ್ನಲ್ಲ. ಹಾಲಿನ ಸಕ್ಕರೆ ತಿನ್ನುವ ಒಂದು ಯೀಸ್ಟ್, ಅದರೊಳಗೆ ಗ್ಯಾಲಕ್ಟೋಸ್ ಹೇಗೆ ಗ್ಲೂಕೋಸ್ ಆಗುತ್ತದೆ ಅನ್ನುವ ಸಣ್ಣ ಪ್ರಶ್ನೆ. ಆ ಕೆಲಸಕ್ಕೆ ಬೇಕಾದ ಒಂದು ಅಪರಿಚಿತ ವಸ್ತು ಕೈಗೆ ಸಿಕ್ಕಿತು. 1950ರಲ್ಲಿ ಕಾಪುಟೊ, ಕಾರ್ಡಿನಿ, ಪಲಾದಿನಿ ಜೊತೆ ಸೇರಿ ಅದೇನೆಂದು ಪ್ರಕಟಿಸಿದರು: ಯುಡಿಪಿ-ಗ್ಲೂಕೋಸ್. ಆರ್‌ಎನ್‌ಎಯ ಒಂದು ಅಕ್ಷರ ಇದೆಯಲ್ಲ, ಅಂಥದ್ದಕ್ಕೆ ಗ್ಲೂಕೋಸ್ ಕಟ್ಟಿಹಾಕಿದ ರೂಪ. ಅಲ್ಲಿಯವರೆಗೆ ಸಕ್ಕರೆಗೆ ಇಂಥ ಹಿಡಿಕೆ ಇರಬಹುದು ಅಂತ ಯಾರಿಗೂ ಹೊಳೆದಿರಲಿಲ್ಲ.

ಹಿಡಿಕೆ ಯಾಕೆ ಬೇಕು? ದರ್ಶಿನಿಯಲ್ಲಿ ದೋಸೆ ತಿಂದವರಿಗೆ ಇದು ಸುಲಭ. ಮೊದಲು ಕೌಂಟರ್‌ನಲ್ಲಿ ದುಡ್ಡು ಕಟ್ಟಿ ಟೋಕನ್ ತಗೋಬೇಕು. ಟೋಕನ್ ಅಡುಗೆಯವರ ಕೈಗೆ ಹೋಯಿತೋ, ದೋಸೆ ಬಂತು. ದೋಸೆ ವಾಪಸ್ ಕೊಟ್ಟು ದುಡ್ಡು ಕೇಳುವ ಹಾಗಿಲ್ಲ. ಕಾಳಿನಲ್ಲೂ ಹಾಗೆ. ಕೋಶದ ದುಡ್ಡು ಎಟಿಪಿ. ಅದನ್ನು ಮೊದಲೇ ಕಟ್ಟಿ ಗ್ಲೂಕೋಸ್‌ಗೆ ಟೋಕನ್ ಹಚ್ಚುತ್ತಾರೆ. ಟೋಕನ್ ಹೊತ್ತ ಗ್ಲೂಕೋಸ್ ಬಂದರೆ ಪಿಷ್ಟ ಕಟ್ಟುವ ಕಿಣ್ವ ಅದನ್ನು ಸರದ ತುದಿಗೆ ಸೇರಿಸಿ ಟೋಕನ್ ಕಿತ್ತು ಬಿಸಾಕುತ್ತದೆ. ದುಡ್ಡು ಕಟ್ಟಿಯಾಗಿದೆ, ಸುತ್ತ ಫಾಸ್ಫೇಟ್ ಎಷ್ಟೇ ಇರಲಿ, ಕೆಲಸ ಹಿಂದಕ್ಕೆ ಓಡುವುದಿಲ್ಲ. ಒಡೆಯುವುದಕ್ಕೆ ಬೇರೆ ದಾರಿ, ಬೇರೆ ಆಳು.

1955ರಲ್ಲಿ ಈ ಗುಂಪು ಗೋಧಿಯ ಮೊಳಕೆಭಾಗದ ಕಿಣ್ವದಿಂದ, ಯುಡಿಪಿ-ಗ್ಲೂಕೋಸ್ ಬಳಸಿ, ನಮ್ಮ ಟೀ-ಕಾಫಿಗೆ ಹಾಕುವ ಸುಕ್ರೋಸ್ ಕಟ್ಟಿ ತೋರಿಸಿತು. 1957ರಲ್ಲಿ ಯಕೃತ್ತಿನ ಗ್ಲೈಕೋಜೆನ್. ಈ ನಡುವೆ ಕಾಂಪೊಮಾರ್ ತೀರಿಕೊಂಡು ಹಣದ ಮೂಲ ಬತ್ತಿತು. ಅಮೆರಿಕದ ಆರೋಗ್ಯ ಸಂಸ್ಥೆಯ ಅನುದಾನ ಬಂದು ಬಾಗಿಲು ಮುಚ್ಚುವುದು ತಪ್ಪಿತು. 1958ರಲ್ಲಿ ಸರ್ಕಾರ ಕೊಟ್ಟ ಹಳೇ ಕ್ರೈಸ್ತ ಸನ್ಯಾಸಿನಿಯರ ಕಟ್ಟಡಕ್ಕೆ ಸಂಸ್ಥೆ ಹೋಯಿತು.

ಕೊನೆಗೂ ಕಾಳಿನ ಸರದಿ ಬಂತು. 1960ರಲ್ಲಿ ಡಿ ಫೆಕೆಟೆ, ಲೆಲ್ವಾರ್, ಕಾರ್ಡಿನಿ ಹುರುಳಿಕಾಯಿ ಜಾತಿಯ ಬೀನ್ಸ್ ಕಾಳಿನಿಂದ ಪಿಷ್ಟದ ಕಣ ಬೇರ್ಪಡಿಸಿ ಯುಡಿಪಿ-ಗ್ಲೂಕೋಸ್ ಜೊತೆ ಇಟ್ಟರು. ಪಿಷ್ಟ ಬೆಳೆಯಿತು, ಕಟ್ಟುವ ಕಿಣ್ವ ಕಣಕ್ಕೇ ಅಂಟಿಕೊಂಡು ಕೂತಿತ್ತು. ಆದರೆ ಬಲು ನಿಧಾನ. ಲೆಲ್ವಾರ್‌ಗೆ ಸಮಾಧಾನ ಆಗಲಿಲ್ಲ. ಟೋಕನ್ ಬೇರೆ ಇರಬಹುದೇ? ರೆಕೊಂಡೊ ಎಂಬ ಸಹೋದ್ಯೋಗಿ ಜೊತೆ ಸೇರಿ ಎಡಿಪಿ-ಗ್ಲೂಕೋಸ್ ಅನ್ನುವುದನ್ನು ರಾಸಾಯನಿಕವಾಗಿ ತಯಾರಿಸಿ ಕೊಟ್ಟು ನೋಡಿದರು. ಅಂಥದ್ದೊಂದು ಗಿಡದಲ್ಲಿ ಇದೆ ಅಂತ ಆಗ ಯಾರೂ ಕಂಡಿರಲಿಲ್ಲ. 1961ರ ಫಲಿತಾಂಶ: ಸುಮಾರು ಹತ್ತು ಪಟ್ಟು ವೇಗ! ಎರಡು ವರ್ಷದೊಳಗೆ ಅದೇ ಗುಂಪು ಮೆಕ್ಕೆಜೋಳದ ಕಾಳಿನಿಂದಲೇ ಎಡಿಪಿ-ಗ್ಲೂಕೋಸ್ ತೆಗೆದು ತೋರಿಸಿತು. ಮೊದಲು ಕೀಲಿ ಮಾಡಿ, ಅದು ಬೀಗಕ್ಕೆ ಕೂತ ಮೇಲೆ, ಮನೆಯವರ ಜೇಬಿನಲ್ಲೂ ಅಂಥದ್ದೇ ಕೀಲಿ ಇದೆಯಾ ಅಂತ ಹುಡುಕಿದ ಹಾಗೆ. 1970ರಲ್ಲಿ ಲೆಲ್ವಾರ್‌ಗೆ ರಸಾಯನಶಾಸ್ತ್ರದ ನೊಬೆಲ್ ಬಂತು. ನನ್ನ ಪ್ರಕಾರ ಆ ನೊಬೆಲ್‌ನ ಅತ್ಯಂತ ಚೆಂದದ ಪುಟ ಈ ಬೀನ್ಸ್ ಕಾಳಿನದು.

ಆದರೆ ಅನುಮಾನದ ಪ್ರಾಣಿಗಳು ಇದ್ದೇ ಇರುತ್ತಾರೆ, ಇರಬೇಕು ಕೂಡ. ಪ್ರನಾಳವನ್ನು ನಂಬಿ ಒಮ್ಮೆ ಕೆಟ್ಟಿದ್ದಾರೆ. ಇದೂ ಅದೇ ಥರ ಇದ್ದರೆ? ಜೀವಂತ ಕಾಳಿನಲ್ಲಿ ನಿಜವಾಗಲೂ ಇದೇ ದಾರಿಯಾ? ಉತ್ತರ ಹೇಳಿದ್ದು ಕೆಟ್ಟ ಕಾಳುಗಳು, ಅಂದರೆ ಮೆಕ್ಕೆಜೋಳದಲ್ಲಿ ರೈತರೂ ತಳಿವಿಜ್ಞಾನಿಗಳೂ ಬಹಳ ಕಾಲದಿಂದ ಎತ್ತಿಟ್ಟಿದ್ದ ಚಿತ್ರವಿಚಿತ್ರ ಕಾಳುಗಳು. ಒಂದು ಒಣಗಿದರೆ ಒಳಕ್ಕೆ ಕುಸಿದು ಮುರುಟಿಹೋಗುತ್ತಿತ್ತು. ಇಲಿನಾಯ್‌ನ ಜಾನ್ ಲಾಫ್ನನ್ ಈ ಮುರುಟು ಕಾಳಿನಲ್ಲಿ ಪಿಷ್ಟ ತೀರಾ ಕಮ್ಮಿ, ಸಕ್ಕರೆ ವಿಪರೀತ ಅಂತ 1953ರಲ್ಲಿ ಬರೆದ. ಬಾಯಿಗೆ ಹಾಕಿಕೊಂಡು ಸಿಹಿ ಕಂಡವನೂ ಅವನೇ ಅಂತಾರೆ. 1966ರಲ್ಲಿ ತ್ಸಾಯ್ ಮತ್ತು ಆಲಿವರ್ ನೆಲ್ಸನ್ ಇದರ ರಹಸ್ಯ ಬಿಡಿಸಿದರು: ಈ ಕಾಳಿನಲ್ಲಿ ಎಡಿಪಿ-ಗ್ಲೂಕೋಸ್ ತಯಾರಿಸುವ ಕಿಣ್ವದ ಕೆಲಸ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಟೋಕನ್ ಕೊಡುವ ಕೌಂಟರೇ ಬಂದ್. ದೋಸೆ ಆಗುತ್ತಿಲ್ಲ, ಹಿಟ್ಟು ಹಾಗೇ ಉಳಿಯುತ್ತಿದೆ. ಲೆಲ್ವಾರ್ ದಾರಿ ಸರಿ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ಮಾಲ್‌ನಲ್ಲಿ ಬೆಣ್ಣೆ, ಮಸಾಲೆ ಹಾಕಿ ಕಪ್‌ನಲ್ಲಿ ಕೊಡುವ ಸ್ವೀಟ್ ಕಾರ್ನ್ ಇದ್ಯಲ್ಲ, ಈಗಿನ ಸೂಪರ್ ಸ್ವೀಟ್ ತಳಿಗಳಲ್ಲಿ ಹೆಚ್ಚಿನವು ಇದೇ ಮುರುಟು ಕಾಳಿನ ವಂಶ. ನಾವು ಜಾಸ್ತಿ ದುಡ್ಡು ಕೊಟ್ಟು ತಿನ್ನುತ್ತಿರುವುದು ಪಿಷ್ಟ ಕಟ್ಟಲಾಗದೆ ಸೋತ ಕಾಳನ್ನು. ಅವ್ವನಿಗೆ ಇದನ್ನು ಹೇಳಿದಾಗ ಅವಳು ನಕ್ಕ ರೀತಿ ಬರೆಯಲು ಬರುವುದಿಲ್ಲ. ಅವಳ ಲೆಕ್ಕದಲ್ಲಿ ಗೋವಿನಜೋಳದ ಬೆಲೆ ತೂಕದ್ದು. ತೂಕ ಅಂದರೆ ಪಿಷ್ಟ.

ಇನ್ನು ಮೆಂಡಲ್‌ನ ಬಟಾಣಿ. ಅದು ನಾರ್ವಿಚ್‌ನ ಜಾನ್ ಇನ್ಸ್ ಸಂಸ್ಥೆಯ ತನಕ ಕಾಯಬೇಕಾಯಿತು. 1988ರಲ್ಲಿ ಆಲಿಸನ್ ಸ್ಮಿತ್ ಗುಂಡು ಮತ್ತು ಸುಕ್ಕು ಬಟಾಣಿಯ ಬೆಳೆಯುವ ಕಾಳುಗಳನ್ನು ಹೋಲಿಸಿ, ಕವಲೊಡೆಸುವ ಕಿಣ್ವದ ಒಂದು ಬಗೆ ಸುಕ್ಕು ಕಾಳಿನಲ್ಲಿ ಇಲ್ಲ ಎಂದು ತೋರಿಸಿದ್ದರು. 1990ರ ಜನವರಿಯಲ್ಲಿ ಮದನ್ ಭಟ್ಟಾಚಾರ್ಯ, ಸ್ಮಿತ್, ಕ್ಯಾಥಿ ಮಾರ್ಟಿನ್ ಮತ್ತು ಸಂಗಡಿಗರು ‘ಸೆಲ್’ ಪತ್ರಿಕೆಯಲ್ಲಿ ಜೀನನ್ನೇ ತೆರೆದಿಟ್ಟರು. ಆರ್ ಅಂದರೆ ಈ ಕವಲು ಕಿಣ್ವದ ಜೀನ್. ಸುಕ್ಕು ಬಟಾಣಿಯಲ್ಲಿ ಅದರ ನಡುವೆ ಸುಮಾರು 800 ಅಕ್ಷರದ ಒಂದು ಡಿಎನ್‌ಎ ತುಂಡು ಬಂದು ತೂರಿಕೊಂಡಿದೆ. ಬಾರ್ಬರಾ ಮೆಕ್‌ಕ್ಲಿಂಟಾಕ್ ಮೆಕ್ಕೆಜೋಳದಲ್ಲಿ ಕಂಡ, ಜಾಗ ಬಿಟ್ಟು ಜಾಗಕ್ಕೆ ನೆಗೆಯುವ ಜೀನ್‌ಗಳ ನೆಂಟ ಅದು. ವಾಕ್ಯದ ಮಧ್ಯೆ ಯಾವುದೋ ಬೇರೆ ಪ್ಯಾರಾ ಪೇಸ್ಟ್ ಆದ ಹಾಗೆ. ಕಿಣ್ವದ ರೆಸಿಪಿ ಅರ್ಧಕ್ಕೇ ಕೆಟ್ಟಿತು. ಮೆಂಡಲ್ ಬೆಳೆದ ಕಾಳುಗಳು ಉಳಿದಿಲ್ಲ. ಆದರೆ ಅವನ ಕಾಲಕ್ಕೆ ಬಳಕೆಯಲ್ಲಿದ್ದ ಸುಕ್ಕು ತಳಿಗಳ ಗುರುತು ಇದೇ ಸಣ್ಣಕ್ಷರದ ಆರ್.

ಈಗ ಸುಕ್ಕು ಹೇಗೆ ಬಂತು ನೋಡಿ. ಕವಲೊಡೆಸುವ ಕೈ ಒಂದು ಹೋಯಿತು, ತಡವಾಗಿ ಎದ್ದು ಬರುವ ಇನ್ನೊಂದು ಅಷ್ಟಿಷ್ಟು ಸುಧಾರಿಸುತ್ತದೆ. ಕವಲು ಕಮ್ಮಿ ಅಂದರೆ ಸರದ ತುದಿಗಳು ಕಮ್ಮಿ. ಗ್ಲೂಕೋಸ್ ಸೇರಿಸುವುದು ತುದಿಗೇ ಆದ್ದರಿಂದ ಪಿಷ್ಟ ಕಟ್ಟುವುದೇ ನಿಧಾನ. ಗುಂಡು ಕಾಳಿನ ಒಣತೂಕದಲ್ಲಿ ಹತ್ತಿರ ಹತ್ತಿರ ಅರ್ಧ ಪಿಷ್ಟ, ಸುಕ್ಕು ಕಾಳಿನಲ್ಲಿ ಮೂರನೇ ಒಂದರ ಆಸುಪಾಸು. ಇರುವ ಪಿಷ್ಟದಲ್ಲೂ ನೇರ ಎಳೆಯದ್ದೇ ದರ್ಬಾರು: ಗುಂಡಿನಲ್ಲಿ ಮೂರರಲ್ಲೊಂದು ಪಾಲಿದ್ದ ಅಮೈಲೋಸ್ ಇಲ್ಲಿ ಅರ್ಧ ದಾಟುತ್ತದೆ. ಎಲೆಯಿಂದ ಸಕ್ಕರೆ ಬರುವುದು ಮಾತ್ರ ನಿಲ್ಲುವುದಿಲ್ಲ, ಅದು ಕರಗಿದ ಹಾಗೇ ಉಳಿಯುತ್ತದೆ. ಸಕ್ಕರೆ ಇದ್ದ ಕಡೆ ನೀರು ನುಗ್ಗುತ್ತದೆ. ಹಸಿ ಇದ್ದಾಗ ಕಾಳು ನೀರು ಕುಡಿದು ಉಬ್ಬುತ್ತದೆ, ಸಿಪ್ಪೆಯೂ ಹಿಗ್ಗುತ್ತದೆ. ಕಾಳು ಬಲಿತು ಒಣಗುವಾಗ ನೀರು ಹೋಯಿತು, ಒಳಗೆ ತುಂಬಿಕೊಳ್ಳಲು ಪಿಷ್ಟ ಸಾಲದು, ಹಿಗ್ಗಿದ ಸಿಪ್ಪೆ ಎಲ್ಲಿಗೆ ಹೋಗಬೇಕು? ಮದುವೆ ಊಟಕ್ಕೆ ಹಾಕಿದ ಶಾಮಿಯಾನದ ಕಂಬ ಕಿತ್ತ ಹಾಗೆ.

ದೊಡ್ಡಕ್ಷರ ಯಾಕೆ ‘ಪ್ರಬಲ’ ಅನ್ನುವುದೂ ಇಲ್ಲೇ ತೀರಿತು. ಎರಡರಲ್ಲಿ ಒಂದು ಪ್ರತಿ ಸರಿ ಇದ್ದರೂ ಸಾಕಷ್ಟು ಕಿಣ್ವ ತಯಾರಾಗುತ್ತದೆ, ಕಾಳು ಗುಂಡಗೇ ನಿಲ್ಲುತ್ತದೆ. ಸಣ್ಣಕ್ಷರ ಸುಕ್ಕು ಮಾಡುವ ಜೀನ್ ಅಲ್ಲ, ಸುಮ್ಮನೆ ಕೆಲಸ ಮಾಡದ ಜೀನ್. 5,474 ಮತ್ತು 1,850ರ ಹಿಂದಿದ್ದದ್ದು ಒಂದು ಕವಲು ಕಿಣ್ವ.

ಸುಕ್ಕು ಬಟಾಣಿಯನ್ನು ಯಾರೂ ಎಸೆಯಲಿಲ್ಲ ಅನ್ನುವುದನ್ನು ಮರೆಯಬಾರದು. 18ನೇ ಶತಮಾನದ ಕೊನೆಯಲ್ಲೇ ಇಂಗ್ಲೆಂಡಿನ ಥಾಮಸ್ ಆಂಡ್ರ್ಯೂ ನೈಟ್ ಅದರ ಸಿಹಿ ಕಂಡು ತಳಿ ಬೆಳೆಸಿದ್ದ. ನಮ್ಮ ದೇಶದಲ್ಲಿ ಬಹಳ ಕಡೆ ಬಿತ್ತುವ ಅರ್ಕೆಲ್ ತಳಿಯ ಬೀಜವೂ ಸುಕ್ಕೇ. ಹಸಿ ತಿನ್ನಲು ಸುಕ್ಕು, ಒಣಗಿಸಿ ನೆನೆಸಿ ಬೇಯಿಸಲು ಗುಂಡು. ಅಂಗಡಿಯವರು ಒಂದೇ ಮಾತಲ್ಲಿ ಹೇಳಿದ್ದು ಇದನ್ನೇ.

ಇಷ್ಟೆಲ್ಲ ಒಂದು ರಾತ್ರಿ ಊಟವಾದ ಮೇಲೆ ಅವ್ವನಿಗೆ ಹೇಳಿದೆ. ಮೆಂಡಲ್, ಲೆಲ್ವಾರ್ ಬಗ್ಗೆ ಅವಳಿಗೆ ಅಷ್ಟೇನೂ ಆಸಕ್ತಿ ಹುಟ್ಟಲಿಲ್ಲ. ಸೋರುವ ಮನೆಯ ವಿಷಯ ಬಂದಾಗ ಮಾತ್ರ “ಪಾಪ” ಅಂದಳು. ಕೇಳಿದ್ದು ಒಂದೇ ಪ್ರಶ್ನೆ: “ಸಿಹಿ ಇರ್ತದ ಅಂತಿ. ಶುಗರ್ ಇದ್ದಾಕಿ ನಾ ತಿನ್ನಬಹುದೇನ?”

ಎಂಟು ವರ್ಷದಿಂದ ಅವಳಿಗೆ ಸಕ್ಕರೆ ಕಾಯಿಲೆ. ಅನ್ನ ಬಿಟ್ಟು ರೊಟ್ಟಿ, ರೊಟ್ಟಿಯಲ್ಲೂ ಎರಡೇ. ಮಾವಿನ ಸೀಸನ್ ಬಂತೆಂದರೆ ಮನೆಯಲ್ಲಿ ಜಗಳ. ನಾನು ಥಟ್ಟನೆ ಬೇಡ ಅನ್ನುವವನಿದ್ದೆ. ಆಮೇಲೆ ಓದಿದ್ದು ನೆನಪಾಯಿತು. ನೇರ ಎಳೆಗಳು ಒತ್ತೊತ್ತಾಗಿ ಅಂಟಿಕೊಂಡು ಕೂರುತ್ತವೆ, ನಮ್ಮ ಹೊಟ್ಟೆಯ ಕಿಣ್ವಗಳಿಗೆ ಅವನ್ನು ಬಿಡಿಸುವುದು ಕಷ್ಟ. 2020ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜು ಮತ್ತು ಅದೇ ಜಾನ್ ಇನ್ಸ್ ಸೇರಿದಂತೆ ಒಂದು ಗುಂಪು ಆರೋಗ್ಯವಂತ ಜನರಿಗೆ ಎರಡೂ ಬಗೆಯ ಬಟಾಣಿ ತಿನ್ನಿಸಿ ನೋಡಿತ್ತು. ಸುಕ್ಕು ಬಟಾಣಿ ತಿಂದವರ ರಕ್ತದಲ್ಲಿ ಸಕ್ಕರೆ ಏರಿದ್ದು ಕಡಿಮೆ. ನಾಲಿಗೆಗೆ ಸಿಹಿ, ರಕ್ತಕ್ಕೆ ಸೌಮ್ಯ. ಆದರೆ ಅದು ಶುಗರ್ ಇದ್ದವರ ಮೇಲೆ ಮಾಡಿದ್ದಲ್ಲ, ಬಾಲ್ಕನಿಯ ಹಸಿ ಕಾಳಿನ ಮೇಲೆ ಮಾಡಿದ್ದೂ ಅಲ್ಲ. ಅದನ್ನೇ ಹೇಳಿದೆ. “ಡಾಕ್ಟರ್‌ನ ಕೇಳೋಣ, ಅಲ್ಲಿ ತನಕ ಒಂದ್ ಮುಷ್ಟಿ ತಿನ್ನು.”

“ಒಂದ್ ಮುಷ್ಟಿ ಬೆಳದರ ಸಾಕು ನಿನ್ನ ಕುಂಡದಾಗ,” ಅಂದಳು.

ಜನವರಿಯಲ್ಲಿ ಹನ್ನೊಂದು ಕಾಯಿ ಬಂದವು. ಹಸಿ ಕಾಳು ಉಬ್ಬಿ, ಒಂದನ್ನೊಂದು ಒತ್ತಿಕೊಂಡು ಕೂತಿದ್ದವು; ಸುಕ್ಕಿನ ಸುಳಿವೂ ಇರಲಿಲ್ಲ. ಎಂಟು ಕಾಯಿ ತಿಂದೆವು, ಮೂರನ್ನು ಗಿಡದಲ್ಲೇ ಒಣಗಲು ಬಿಟ್ಟೆ. ವಾರ ಕಳೆದಂತೆ ಸಿಪ್ಪೆ ಸಡಿಲಾಗಿ, ಆಮೇಲೆ ಒಳಕ್ಕೆ ಮಡಿಚಿಕೊಂಡಿತು. ಹದಿನೇಳು ಕಾಳು. ಅವ್ವ ಊರಿಗೆ ಹೊರಡುವಾಗ ಅವನ್ನು ಹಳೇ ಮಾತ್ರೆಯ ಡಬ್ಬಿಗೆ ಹಾಕಿ ಚೀಲದಲ್ಲಿ ಇಟ್ಟುಕೊಂಡಳು. ಚಳಿಗಾಲಕ್ಕೆ ಹಿತ್ತಲಲ್ಲಿ ಬದನೆ ಮಡಿಯ ಬದುವಿಗೆ ಹಾಕುತ್ತಾಳಂತೆ. ಪಕ್ಕದ ಮನೆ ಅತ್ತಿ ನೋಡಿ ಜೊಳ್ಳು ಅಂದರೆ ಏನು ಹೇಳಬೇಕು ಅಂತ ಬಸ್ ಹತ್ತುವ ಮುಂಚೆ ಇನ್ನೊಮ್ಮೆ ಕೇಳಿ ತಿಳಿದುಕೊಂಡಳು.